ಶಾಲೆಗೆ ಹಾಡು ತಂದ ಇನ್‌ಸ್ಪೆಕ್ಟರ್: ಪಂಜೆ ಮಂಗೇಶರಾಯರು



ನವಿಲುತೀರ್ಥವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಸವದತ್ತಿಯಿಂದ ಮುನವಳ್ಳಿಯ ಕಡೆಗೆ ಹೋಗುವಾಗ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಸಂದಿಯಲ್ಲಿ ಮಲಪ್ರಭೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು. ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ರೇಣುಕಾಸಾಗರದ ನೀರು. ಕಳೆದ ವರ್ಷ ಮಳೆ ನಿಂತ ಮೇಲೆ ಧರ್ಮೋಪದೇಶ ತರಗತಿಯ ಇಪ್ಪತ್ತು-ಇಪ್ಪತ್ತೆರಡು ಮಕ್ಕಳನ್ನು ಒಂದು ದಿನದ ಮಟ್ಟಿಗೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ರೊಟ್ಟಿ ಬುತ್ತಿ ಬಿಚ್ಚುವ ಮುಂಚೆ, ಹಳೆಯ ಮಾಸ್ತರನ ಚಟ ಬಿಡಲಾರದೆ, ಈ ಹೊಳೆಯ ಬಗ್ಗೆ ಯಾರಿಗೇನು ಗೊತ್ತು ಹೇಳಿ ಎಂದು ಕೇಳಿದೆ. ಏಳನೆಯ ಇಯತ್ತೆಯ ಹುಡುಗನೊಬ್ಬ ಎದ್ದು ನಿಂತು, ಕೈ ಕಟ್ಟಿಕೊಂಡು, ಒಂದೇ ಉಸಿರಿನಲ್ಲಿ ಹೇಳಿದ: ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ, ಜಲಾಶಯದ ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಎಲ್ಲವೂ ಸರಿ. ಮಕ್ಕಳು ಚಪ್ಪಾಳೆ ತಟ್ಟಿದರು.

ಹಾಗಾದರೆ ಇದಕ್ಕೆ ನವಿಲುತೀರ್ಥ ಎಂಬ ಹೆಸರು ಯಾಕೆ ಬಂತು ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ. ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಊಹೆ ಮಾಡಿ ಹೇಳಿ, ಏನು ಬೇಕಾದರೂ ಹೇಳಿ ಎಂದೆ. ಆಗಲೂ ಮೌನ. ಕೊನೆಗೆ ಆ ಜಾಣ ಹುಡುಗನೇ, ಅದು ನಮ್ಮ ಪುಸ್ತಕದಲ್ಲಿ ಇಲ್ಲ ಸರ್ ಎಂದ. ಇನ್ನೊಬ್ಬ, ಜೊತೆಗೆ ಬಂದಿದ್ದ ಅಕ್ಕನ ಮೊಬೈಲ್ ಇಸಿದುಕೊಂಡು ಹುಡುಕತೊಡಗಿದ. ಊಹಿಸಿ ಎಂಬ ಮಾತಿಗೆ ಇಪ್ಪತ್ತು ಮಕ್ಕಳಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ. ತಪ್ಪಾದರೇನು ಗತಿ ಎಂಬ ಹೆದರಿಕೆ ಆ ಮುಖಗಳಲ್ಲಿ ಕಾಣುತ್ತಿತ್ತು. ಆ ದಿನ ನನಗೆ ಬುತ್ತಿ ರುಚಿಸಲಿಲ್ಲ.

ನಮ್ಮ ಕುಟುಂಬ ಕೂಟಗಳಲ್ಲಿ ತಾಯ್ತಂದೆಯರು ಮತ್ತೆ ಮತ್ತೆ ಹೇಳುವ ಮಾತನ್ನು ನೀವೂ ಕೇಳಿರುತ್ತೀರಿ. ಶಾಲೆಯ ಹೋಮ್‌ವರ್ಕು, ಟ್ಯೂಷನ್ನು ಒಂದು ಕಡೆ, ಟಿ.ವಿ. ಮತ್ತು ಮೊಬೈಲು ಇನ್ನೊಂದು ಕಡೆ ಸೇರಿಕೊಂಡು ಮಕ್ಕಳ ಕಲ್ಪನೆಯನ್ನು ಒಣಗಿಸಿಬಿಟ್ಟಿವೆ ಎಂಬುದು ಆ ಮಾತು. ಇದರಲ್ಲಿ ನಿಜ ಎಷ್ಟು, ನಮ್ಮ ಸೋಮಾರಿತನವನ್ನು ಮುಚ್ಚುವ ನೆವ ಎಷ್ಟು? ಈ ಪ್ರಶ್ನೆ ಹಿಡಿದು ಯೋಚಿಸುತ್ತಿದ್ದಾಗ ನನಗೆ ನೆನಪಾದವರು ಪಂಜೆ ಮಂಗೇಶರಾಯರು. ಅವರು ನಮ್ಮ ಬೆಳಗಾವಿ ಸೀಮೆಯವರಲ್ಲ, ಕರಾವಳಿಯವರು. ಆದರೆ ಅವರ ಹಾವಿನ ಹಾಡನ್ನು ಕೇಳದ ಕನ್ನಡದ ಮನೆ ಬೈಲಹೊಂಗಲ, ರಾಮದುರ್ಗದ ಕಡೆಯೂ ಸಿಗುವುದು ಕಷ್ಟ. ಅವರು ಶಾಲೆಯನ್ನು ಹೊರಗೆ ನಿಂತು ಬೈದವರಲ್ಲ. ಶಾಲಾ ಇಲಾಖೆಯೊಳಗೇ ಬಾಳು ಸವೆಸಿದವರು. ಅದಕ್ಕಾಗಿಯೇ ಅವರ ಕಥೆ ಈ ಪ್ರಶ್ನೆಗೆ ಹೊಂದುತ್ತದೆ.

ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿ ದಂಡೆಯ ಬಂಟವಾಳದಲ್ಲಿ. ತಂದೆ ರಾಮಪ್ಪಯ್ಯ. ಪಂಜೆ ಎಂಬುದು ಮನೆತನದ ಹೆಸರು. ಮನೆಯಲ್ಲಿ ಹಣವಿರಲಿಲ್ಲ, ಆದರೆ ಭಾಷೆಗೆ ಬಡತನವಿರಲಿಲ್ಲ. ಮನೆಯೊಳಗೆ ಕೊಂಕಣಿ, ಬೀದಿಗೆ ಇಳಿದರೆ ತುಳು, ಶಾಲೆಯ ಬಾಗಿಲು ದಾಟಿದರೆ ಕನ್ನಡ, ಮುಂದೆ ಇಂಗ್ಲಿಷ್. ನಮ್ಮ ಕಡೆ ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಆಡಿ ಹೊರಗೆ ಕನ್ನಡ ಮಾತನಾಡುವ ಕ್ಯಾಥೋಲಿಕ್ ಕುಟುಂಬಗಳಿಗೆ ಇದು ಹೊಸದೇನಲ್ಲ. ಒಂದೇ ಕಪ್ಪೆಗೆ ಮೂರು ಹೆಸರು ಕೇಳಿ ಬೆಳೆದ ಮಗುವಿಗೆ ಶಬ್ದಗಳು ಆಟಿಕೆಗಳಾಗುತ್ತವೆ. ಕೊಂಕಣಿ ಮನೆಮಾತಿನ ಈ ಹುಡುಗನೇ ಮುಂದೆ ಕನ್ನಡದ ಮಕ್ಕಳಿಗೆ ಹಾಡು ಕಟ್ಟಿದ್ದು ಎಂಬುದನ್ನು, ಮನೆಯಲ್ಲಿ ಇಂಗ್ಲಿಷನ್ನೇ ಮಾತಾಡಿಸಬೇಕೆಂದು ಹಟ ಹಿಡಿಯುವ ತಂದೆತಾಯಿಗಳು ಒಂದು ಕ್ಷಣ ಯೋಚಿಸಬಹುದು.

ಬಂಟವಾಳದಿಂದ ಓದಿಗಾಗಿ ಮಂಗಳೂರಿಗೆ ಬಂದರು. ಅಲ್ಲಿಯ ಸರಕಾರಿ ಕಾಲೇಜಿನಲ್ಲಿ ಕಲಿತು, ಚಿಕ್ಕ ವಯಸ್ಸಿನಲ್ಲೇ ಅಲ್ಲಿಯೇ ಕನ್ನಡ ಪಂಡಿತರಾಗಿ ಸೇರಿಕೊಂಡರು. ದುಡಿಯುತ್ತಲೇ ಓದು ಮುಂದುವರಿಸಿ ಪದವೀಧರರಾದರು. ಮುಂದೆ ಮಂಜೇಶ್ವರದ ಮಹಾಕವಿಯೆಂದು ಹೆಸರಾದ ಗೋವಿಂದ ಪೈಗಳು ಮಂಗಳೂರಿನಲ್ಲಿ ಅವರ ಶಿಷ್ಯರಾಗಿದ್ದರು. ಮಂಗಳೂರು ಆಗ ಕನ್ನಡದ ಅಚ್ಚಿನ ದೊಡ್ಡ ಕೇಂದ್ರ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು 1841ರಲ್ಲಿ ಮುದ್ರಣಾಲಯ ತೆರೆದಿದ್ದರು. ಮತದ ಪುಸ್ತಕಗಳ ಜೊತೆಗೆ ಶಾಲೆಯ ಪುಸ್ತಕಗಳೂ ಅಲ್ಲಿಂದ ಹೊರಬರುತ್ತಿದ್ದವು. ಪುಸ್ತಕಗಳಿಗೇನೂ ಬರವಿರಲಿಲ್ಲ, ಮಕ್ಕಳು ನಕ್ಕು ಓದುವಂಥವು ಮಾತ್ರ ಬಲು ಕಡಿಮೆ. ನೀತಿ, ಉಪದೇಶ, ಕಠಿಣ ಶಬ್ದಗಳ ಅರ್ಥ, ಬಾಯಿಪಾಠ — ಇಷ್ಟರಲ್ಲೇ ಕನ್ನಡದ ಪಾಠ ಮುಗಿಯುತ್ತಿತ್ತು.

ಮಂಗೇಶರಾಯರು ಪಂಡಿತರ ಖುರ್ಚಿಯಿಂದ ಶಾಲಾ ಇನ್‌ಸ್ಪೆಕ್ಟರ ಕೆಲಸಕ್ಕೆ ಬಂದರು. ಇನ್‌ಸ್ಪೆಕ್ಟರು ಎಂದರೆ ಆಗ ಏನು ಎಂಬುದನ್ನು ಇಂದಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಕಾಲ ಆ ಪ್ರಾಂತದ ಖಾಸಗಿ ಶಾಲೆಗಳಿಗೆ ಸರಕಾರ ಕೊಡುವ ಅನುದಾನ ಮಕ್ಕಳ ಪರೀಕ್ಷೆಯ ಫಲಿತಾಂಶವನ್ನು ನೋಡಿ ನಿರ್ಧಾರವಾಗುತ್ತಿತ್ತು. ಸಾಹೇಬರು ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಓದಿಸುತ್ತಾರೆ, ಬರೆಸುತ್ತಾರೆ, ಲೆಕ್ಕ ಕೇಳುತ್ತಾರೆ. ಪಾಸಾದ ತಲೆ ಎಣಿಸಿ ಹಣ ಬರುತ್ತದೆ. ಮಗು ತಡವರಿಸಿದರೆ ಮಾಸ್ತರರ ಮನೆಯ ಒಲೆಗೇ ಪೆಟ್ಟು. ಹೀಗಿರುವಾಗ ಯಾವ ಮಾಸ್ತರ ತಾನೇ ಮಕ್ಕಳಿಗೆ ಊಹಿಸಿ ಹೇಳಿ ಎಂದಾನು? ಇನ್‌ಸ್ಪೆಕ್ಟರು ಕೇಳುವ ಪ್ರಶ್ನೆ, ಅದಕ್ಕೊಂದು ಉತ್ತರ, ಆ ಉತ್ತರ ಗಿಳಿಪಾಠ. ಆ ಲೆಕ್ಕಾಚಾರ ಹೋದ ಮೇಲೂ ಅದರ ಭಯ ಮಾತ್ರ ಶಾಲೆಯ ಗೋಡೆಗಳಲ್ಲಿ ಉಳಿದುಕೊಂಡಿತು. ಇಂದು ನಾವು ಶಾಲೆಯ ಮೇಲೆ ಹಾಕುವ ಅಪವಾದದ ಬೇರು ಅಲ್ಲಿದೆ, ಮೊಬೈಲಿನಲ್ಲಿ ಅಲ್ಲ. ಮಕ್ಕಳ ಬಾಯಿ ಮುಚ್ಚಿಸಲು ನಾವು ನೂರು ವರ್ಷಕ್ಕೂ ಮೊದಲೇ ಕಲಿತಿದ್ದೆವು.

ಇಂಥ ಇಲಾಖೆಯೊಳಗೆ ಮಂಗೇಶರಾಯರು ಇನ್‌ಸ್ಪೆಕ್ಟರಾಗಿ ತಿರುಗಾಡಿದರು. ಮಕ್ಕಳೊಡನೆ ಮಗುವಾಗಿ ಬೆರೆಯುತ್ತಿದ್ದರು, ಹಾಡಿ ಅಭಿನಯಿಸಿ ಕಥೆ ಹೇಳುತ್ತಿದ್ದರು ಎಂದು ಅವರನ್ನು ಬಲ್ಲವರೆಲ್ಲ ಒಂದೇ ಬಾಯಿಂದ ಹೇಳಿದ್ದಾರೆ. ಇದು ಅವರ ಸ್ವಭಾವದ ಮಾತು. ಆದರೆ ಒಬ್ಬ ಮನುಷ್ಯ ಎಷ್ಟು ಶಾಲೆಗಳಿಗೆ ಹೋಗಿ ಹಾಡಿಯಾನು? ಅವರ ನಿಜವಾದ ಜಾಣತನ ಇದ್ದದ್ದು ಬೇರೆ ಕಡೆ. ಮಾಸ್ತರರು ಪುಸ್ತಕ ಬಿಟ್ಟು ಹೊರಗೆ ಹೋಗಲಾರರು ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಹಾಡನ್ನೂ ಕಥೆಯನ್ನೂ ಪುಸ್ತಕದೊಳಗೇ ತಂದು ಇಟ್ಟರು. ಮಕ್ಕಳಿಗಾಗಿ ತಾವೇ ಪಾಠ ಬರೆದರು, ಪದ್ಯ ಕಟ್ಟಿದರು, ವ್ಯಾಕರಣವನ್ನು ಕೂಡ ಬರೆದರು. ಕವಿಶಿಷ್ಯ ಎಂದು ಹೆಸರಿಟ್ಟುಕೊಂಡರು. ತಾನು ಕವಿ ಅಲ್ಲ, ಕವಿಗಳ ಶಿಷ್ಯ ಎಂಬುದು ಅದರ ಭಾವ. ಇನ್ನೊಂದು ಗುಪ್ತನಾಮ ರಾ.ಮ.ಪಂ.; ತಂದೆಯ ಹೆಸರು, ತನ್ನ ಹೆಸರು, ಮನೆತನದ ಹೆಸರು ಮೂರರ ತುಣುಕುಗಳನ್ನು ಕೂಡಿಸಿ ಮಾಡಿದ್ದು.

ಈಗ ಹಾವಿನ ಹಾಡಿಗೆ ಬರೋಣ. ಅದನ್ನು ಇಲ್ಲಿ ಉದ್ಧರಿಸುವ ಅಗತ್ಯವಿಲ್ಲ. ನಿಮಗೆ ಬಾಯಿಗೆ ಬರುತ್ತದೆ. ಅದರಲ್ಲಿ ಏನು ನಡೆಯುತ್ತದೆ ಎಂಬುದನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಿ. ಬಾಗಿಲ ಬಳಿಯ ಬಿಲದಲ್ಲಿ ನಾಗರಹಾವಿದೆ. ಮಗು ಅದಕ್ಕೆ ಕೈಮುಗಿದು, ಹಾಲಿನ ಆಸೆ ತೋರಿಸಿ ಹೊರಗೆ ಕರೆಯುತ್ತದೆ. ಕೊಳಲು ಊದಿ ಆಡಿಸಬೇಕೆನ್ನುತ್ತದೆ. ತಲೆಯಲ್ಲಿ ರತ್ನ ಇರುವುದು ನಿಜವೇ ಎಂದು ವಿಚಾರಿಸಿ, ಬಡವರಿಗೆ ಕೊಡಲು ಹೊನ್ನು ಕೇಳುತ್ತದೆ. ಅಷ್ಟರಲ್ಲಿ ಅದರ ತಣ್ಣನೆಯ ಮೈಯೊಳಗಿನ ವಿಷದ ನೆನಪಾಗಿ, ಸಾಕಪ್ಪಾ ಹೋಗಿಬಿಡು ಎನ್ನುತ್ತದೆ. ಒಂದೊಂದು ನುಡಿಯ ಕೊನೆಗೂ ಒಂದೇ ಅಕ್ಷರದ ಒಂದು ಚಿಕ್ಕ ಮಾತು ಹಲವು ಸಲ ಮರುಕಳಿಸುತ್ತದೆ. ಕರೆಯುವಾಗ ಮಗುವಿನ ಕೈ ತನ್ನಷ್ಟಕ್ಕೆ ಒಳಗೆ ಬಾಗುತ್ತದೆ, ಕೇಳುವಾಗ ಅಂಗೈ ಚಾಚುತ್ತದೆ, ಕಳಿಸುವಾಗ ಕೈ ಬೀಸುತ್ತದೆ. ಯಾರೂ ಕಲಿಸಬೇಕಾಗಿಲ್ಲ.

ಆ ಕಾಲದ ಬೇರೆ ಯಾವ ಪಾಠವಾದರೂ ಆಗಿದ್ದರೆ ಹಾವು ವಿಷಜಂತು, ಅದರಿಂದ ದೂರವಿರಬೇಕು ಎಂದು ಮೊದಲ ಸಾಲಿನಲ್ಲೇ ತೀರ್ಪು ಕೊಟ್ಟುಬಿಡುತ್ತಿತ್ತು. ಮಂಗೇಶರಾಯರು ಮಗುವಿಗೆ ಆಸೆಯಿಂದ ಹೆದರಿಕೆಯವರೆಗಿನ ಪ್ರಯಾಣವನ್ನು ತಾನೇ ಮಾಡಲು ಬಿಟ್ಟರು. ನಮ್ಮ ಕಡೆ ನಾಗರಪಂಚಮಿಯಲ್ಲಿ ಊರೆಲ್ಲ ಜೋಕಾಲಿ ಕಟ್ಟಿ, ನೆರೆಹೊರೆಯವರು ನಮ್ಮ ಮನೆಗೂ ಉಂಡಿ, ಅಳ್ಳು ಕಳಿಸಿಕೊಡುವುದನ್ನು ನೀವು ಬಲ್ಲಿರಿ. ಹಾಲೆರೆದು ಪೂಜಿಸುವ ಹಾವೇ ಎರೆಹೊಲದಲ್ಲಿ ಕಂಡರೆ ಜನ ಬಡಿಗೆ ಹುಡುಕುತ್ತಾರೆ. ಈ ಎರಡೂ ಒಟ್ಟಿಗೆ ನಿಜವೆಂಬುದು ಮಗುವಿಗೆ ಗೊತ್ತು. ಆ ಹಾಡು ಅದನ್ನೇ ಒಪ್ಪಿಕೊಳ್ಳುತ್ತದೆ, ತಿದ್ದಲು ಹೋಗುವುದಿಲ್ಲ. ‘ತೆಂಕಣ ಗಾಳಿಯಾಟ’ ಎಂಬ ಅವರ ಇನ್ನೊಂದು ಪದ್ಯ ಗಾಳಿಯ ಸದ್ದನ್ನೇ ಮಾತಾಗಿ ಮಾಡಿದೆ. ಅದನ್ನು ಮೌನವಾಗಿ ಓದಿದರೆ ಅರ್ಧವೂ ದಕ್ಕುವುದಿಲ್ಲ. ಬಾಯಿ ಬಿಟ್ಟು ಓದಬೇಕು.

ಕಥೆಗಳಲ್ಲೂ ಹೀಗೇ. ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬುದು ಕರಾವಳಿಯ ಅಂಗಳದ ಕಥೆ. ಸಂತೆಯಲ್ಲಿ ಒಣಮೀನು ಕೊಳ್ಳುವ ನಮ್ಮವರಿಗೂ ಸಿಗಡಿ ಪರಿಚಯವೇ. ಬಿಸಿಲಿಗೆ ಹಾಕಿದ ಸಿಗಡಿ ಒಣಗಿಲ್ಲ. ಯಾಕೆ ಎಂದು ಕೇಳಿದರೆ ಒಂದು ಇನ್ನೊಂದರ ಮೇಲೆ ತಪ್ಪು ಹಾಕುತ್ತದೆ, ಅದು ಮತ್ತೊಂದರ ಮೇಲೆ. ಸರಪಣಿ ಬೆಳೆಯುತ್ತ ಹೋದಂತೆ ಮಗುವಿಗೆ ಮುಂದಿನ ಕೊಂಡಿ ತಾನೇ ಸೇರಿಸುವ ಆಸೆ ಹುಟ್ಟುತ್ತದೆ. ಕಥೆಯ ಕೊನೆಗೆ ನೀತಿ ಎಂಬ ಶೀರ್ಷಿಕೆ ಬೇಕಾಗಿಲ್ಲ. ‘ಹೇನು ಸತ್ತು ಕಾಗೆ ಬಡವಾಯಿತು’, ‘ಗುಡುಗುಡು ಗುಮ್ಮಟ ದೇವರು’, ‘ಮೆಣಸಿನ ಕಾಳಪ್ಪ’ — ಹೆಸರು ಕೇಳಿದರೇ ಮಗು ಹತ್ತಿರ ಸರಿದು ಕೂರುತ್ತದೆ. ಹೇನು ಸತ್ತರೆ ಕಾಗೆ ಬಡವಾಗುವುದು ಹೇಗೆ ಎಂದು ದೊಡ್ಡವರು ತಲೆ ಕೆರೆದುಕೊಳ್ಳಬಹುದು. ಮಕ್ಕಳಿಗೆ ಆ ತೊಂದರೆ ಇಲ್ಲ.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಮಕ್ಕಳ ಕಲ್ಪನೆಯನ್ನು ಹೊರಗಿನ ಸರಕು ಕೆಡಿಸುತ್ತದೆ, ವಿದೇಶಿ ಕಾರ್ಟೂನುಗಳು ಕೆಡಿಸುತ್ತವೆ ಎಂದು ನಾವು ಗೊಣಗುತ್ತೇವೆ. ಮಂಗೇಶರಾಯರು ಹೊರಗಿನದಕ್ಕೆ ಬಾಗಿಲು ಮುಚ್ಚಿದವರಲ್ಲ. ಜರ್ಮನಿಯ ಹ್ಯಾಮೆಲಿನ್ ಪಟ್ಟಣದಲ್ಲಿ ಕೊಳಲೂದುವವನೊಬ್ಬ ಇಲಿಗಳನ್ನೆಲ್ಲ ಕರೆದೊಯ್ದು, ಒಪ್ಪಿದ ಕೂಲಿ ಸಿಗದಾಗ ಊರ ಮಕ್ಕಳನ್ನೇ ಹಿಂದೆ ಕರೆದುಕೊಂಡು ಹೋದ, ಗುಡ್ಡ ಬಾಯ್ದೆರೆದು ಅವರನ್ನು ಒಳಗೆ ಸೇರಿಸಿಕೊಂಡಿತು ಎಂಬ ಹಳೆಯ ಕಥೆ ಇದೆಯಷ್ಟೆ. ಇಂಗ್ಲಿಷಿನಲ್ಲಿ ಬ್ರೌನಿಂಗ್ ಕವಿ 1842ರಲ್ಲಿ ಅದನ್ನು ಪದ್ಯವಾಗಿ ಪ್ರಕಟಿಸಿದ. ಅದೇ ಕಥೆಯಿಂದ ಮಂಗೇಶರಾಯರ ‘ಇಲಿಗಳ ಥಕ ಥೈ’ ಹುಟ್ಟಿತು. ಅದೇ ಕಥೆಯಿಂದ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯೂ ಹುಟ್ಟಿತು. ಒಬ್ಬರ ಇಲಿಗಳು ಕರಾವಳಿಯ ತಾಳಕ್ಕೆ ಕುಣಿದವು, ಇನ್ನೊಬ್ಬರ ಇಲಿಗಳು ಮಲೆನಾಡಿನ ಹಳ್ಳಿಯನ್ನು ಮುತ್ತಿದವು. ಕಥೆ ಎಲ್ಲಿಯದು ಎಂಬುದು ಮುಖ್ಯವಾಗಲಿಲ್ಲ. ನಡುವೆ ಒಬ್ಬ ಮನುಷ್ಯ ಕುಳಿತು, ತನ್ನ ಎದುರಿಗಿರುವ ಮಕ್ಕಳ ಮುಖ ನೋಡಿ, ಅದನ್ನು ಮತ್ತೆ ಹೇಳಿದನಲ್ಲ, ಅದು ಮುಖ್ಯವಾಯಿತು. ಮನೆಯಲ್ಲಿ ಈಗ ತಪ್ಪಿಹೋಗಿರುವುದು ಆ ನಡುವಿನ ಮನುಷ್ಯ. ಕಾರ್ಟೂನು ಬಂದದ್ದರಿಂದ ಅವನು ಎದ್ದು ಹೋದನೋ, ಅವನು ಎದ್ದು ಹೋದದ್ದರಿಂದ ಕಾರ್ಟೂನಿಗೆ ಜಾಗ ಸಿಕ್ಕಿತೋ ಎಂದು ಕೇಳಿದರೆ, ಎರಡನೆಯದೇ ಹೆಚ್ಚು ನಿಜ ಎಂದು ನನ್ನ ಅನಿಸಿಕೆ.

ದೊಡ್ಡವರಿಗಾಗಿ ಅವರು ಬರೆದದ್ದೂ ಕಡಿಮೆಯೇನಲ್ಲ. ಬೆನಗಲ್ ರಾಮರಾಯರ ‘ಸುವಾಸಿನಿ’ ಪತ್ರಿಕೆಯಲ್ಲಿ ಬಂದ ಅವರ ಬರಹಗಳಿಂದಾಗಿ ಕನ್ನಡದ ಮೊದಲ ಸಣ್ಣಕಥೆಗಾರರ ಸಾಲಿನಲ್ಲಿ ಅವರನ್ನು ಎಣಿಸುತ್ತಾರೆ. ತುಳು ಪಾಡ್ದನಗಳಲ್ಲಿ ಹಾಡುತ್ತಿದ್ದ ಕೋಟಿ-ಚೆನ್ನಯರ ಕಥೆಯನ್ನು ಕನ್ನಡ ಗದ್ಯಕ್ಕೆ ತಂದರು. ಕೊಡಗಿನಲ್ಲಿ ಕೆಲಸ ಮಾಡುವಾಗ ಬರೆದ ‘ಹುತ್ತರಿ ಹಾಡು’ ಆ ನಾಡಿನವರ ನಾಡಗೀತೆಯಂತೆ ಆಗಿಹೋಯಿತು. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಮಕ್ಕಳಿಗಾಗಿ ಬರೆಯುವುದು ಬಿಡುವಿನ ವೇಳೆಯ ಹವ್ಯಾಸವಲ್ಲ, ಹತ್ತು ಜನ ಸೇರಿ ಮಾಡಬೇಕಾದ ಕೆಲಸ ಎಂದು ಅಷ್ಟು ಹಿಂದೆಯೇ ಅವರಿಗೆ ಹೊಳೆದಿತ್ತು.

1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷತೆ ಅವರಿಗೆ ಬಂತು. ರಾಯಚೂರು ಆಗ ನಿಜಾಮರ ಹೈದರಾಬಾದಿಗೆ ಸೇರಿತ್ತು. ಮಂಗಳೂರು ಮದ್ರಾಸಿಗೆ, ನಮ್ಮ ಬೆಳಗಾವಿ-ಧಾರವಾಡ ಮುಂಬಯಿಗೆ, ಕೊಡಗು ಬೇರೆಯೇ ಒಂದು ಪ್ರಾಂತ. ಹೀಗೆ ಹರಿದು ಹಂಚಿದ್ದ ನಾಡು ಒಂದಾದದ್ದು 1956ರ ನವೆಂಬರ್ 1ರಂದು. ಅದಕ್ಕೂ ಮುಂಚೆ ಆ ಗಡಿಗಳನ್ನೆಲ್ಲ ದಾಟಿದ ಕೆಲವು ವಸ್ತುಗಳಲ್ಲಿ ಒಂದು, ಮಕ್ಕಳ ಬಾಯಲ್ಲಿದ್ದ ಒಂದು ಹಾವಿನ ಹಾಡು.

ಅದೇ 1934ರಲ್ಲಿ ಕನ್ನಡದ ಮೊದಲ ಮಾತಾಡುವ ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂತು. ಅದರ ಚಿತ್ರೀಕರಣ ನಡೆದದ್ದು ನಮಗೆ ಹತ್ತಿರದ ಕೊಲ್ಹಾಪುರದಲ್ಲಿ. ಅಂದಿನಿಂದ ಸಿನಿಮಾ ಮಕ್ಕಳನ್ನು ಕೆಡಿಸುತ್ತಿದೆ ಎಂಬ ದೂರು ನಿಂತಿಲ್ಲ. ಆಮೇಲೆ ರೇಡಿಯೋ, ಆಮೇಲೆ ಟಿ.ವಿ., ಈಗ ಅಂಗೈಯಲ್ಲಿ ಮೊಬೈಲು. ಆದರೆ ನಾವು ಪ್ರಾಮಾಣಿಕರಾಗಿರೋಣ. ಸಿನಿಮಾಕ್ಕೆ ಮುಂಚಿನ ನಮ್ಮ ಜನಪ್ರಿಯ ಕಲೆಗಳೆಲ್ಲ ಮಕ್ಕಳಿಗೆ ತಕ್ಕ ಪಥ್ಯವಾಗಿದ್ದವೇ? ಬೈಲಹೊಂಗಲದ ನೆಲದ ‘ಸಂಗ್ಯಾ-ಬಾಳ್ಯಾ’ ಸಣ್ಣಾಟವನ್ನೇ ನೋಡಿ: ಪರಸ್ತ್ರೀ ಮೋಹ, ಗೆಳೆಯನ ದ್ರೋಹ, ಕೊಲೆ. ಅಂಥ ಆಟಗಳ ಮುಂದೆ ಮಕ್ಕಳು ಕಂಬಳಿ ಹೊದ್ದು ಬೆಳಗಿನವರೆಗೆ ಕೂತಿರುತ್ತಿದ್ದರು. ಯಾವ ಧರ್ಮಗುರುವೂ ಅದನ್ನು ಮಕ್ಕಳಿಗೆಂದು ಆರಿಸಲಾರರು.

ಆದರೂ ಒಂದು ವ್ಯತ್ಯಾಸ ಇತ್ತು. ಆಟ ಬೆಳಗಿಗೆ ಮುಗಿಯುತ್ತಿತ್ತು, ಮುಂದಿನ ಆಟ ಬರುವುದು ಇನ್ನೊಂದು ಜಾತ್ರೆಗೆ. ನಡುವಿನ ತಿಂಗಳುಗಟ್ಟಲೆ ಮಕ್ಕಳು ಜೋಳದ ದಂಟನ್ನು ಕತ್ತಿ ಮಾಡಿಕೊಂಡು, ಅವ್ವನ ಸೀರೆಯನ್ನು ಪರದೆ ಕಟ್ಟಿ, ನೋಡಿದ್ದನ್ನು ತಮಗೆ ಬೇಕಾದಂತೆ ತಿರುಚಿ ಆಡುತ್ತಿದ್ದರು. ಕಿತ್ತೂರಿನ ಮಕ್ಕಳು ಲಾವಣಿ ಕೇಳಿ ಚೆನ್ನಮ್ಮ, ರಾಯಣ್ಣರಾಗುತ್ತಿದ್ದರು. ಮರೆತುಹೋದ ಭಾಗವನ್ನು ತಾವೇ ತುಂಬಬೇಕಾಗುತ್ತಿತ್ತು, ಕಲ್ಪನೆ ಬೆಳೆಯುತ್ತಿದ್ದದ್ದು ಆ ಮರೆವಿನಲ್ಲಿ. ಮೊಬೈಲಿನಲ್ಲಿ ಒಂದು ವಿಡಿಯೋ ಮುಗಿಯುವ ಮುಂಚೆ ಇನ್ನೊಂದು ತಾನಾಗಿಯೇ ಶುರುವಾಗುತ್ತದೆ. ಮಗುವಿಗೆ ಬೇಸರವಾಗಲು ಕೂಡ ಸಮಯ ಸಿಗುವುದಿಲ್ಲ. ನನ್ನ ಆಕ್ಷೇಪ ಚಿತ್ರಗಳ ಮೇಲೆ ಅಷ್ಟಿಲ್ಲ, ಆ ಬಿಡುವಿಲ್ಲದಿರುವಿಕೆಯ ಮೇಲೆ. ನಮ್ಮ ಮನೆಗಳ ಗೋದಲಿಯನ್ನೇ ತೆಗೆದುಕೊಳ್ಳಿ. ಮಕ್ಕಳು ಹೊಳೆಯಿಂದ ಮಣ್ಣು ತಂದು, ಹುಲ್ಲು ಹೊದಿಸಿ, ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ, ಕುರಿ ಸಾಲದಿದ್ದರೆ ಬೆಣಚುಕಲ್ಲನ್ನೇ ಕುರಿಯೆಂದು ಇಡುತ್ತಿದ್ದರು. ಈಗ ಪೇಟೆಯಿಂದ ತಂದ ಪೆಟ್ಟಿಗೆ ಬಿಚ್ಚಿದರೆ ಎಲ್ಲವೂ ಸಿದ್ಧ, ದೀಪ ಸಹಿತ. 1223ರಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸರು ಗ್ರೆಚ್ಚಿಯೋದಲ್ಲಿ ಹುಲ್ಲು, ಎತ್ತು, ಕತ್ತೆ ಇಷ್ಟನ್ನೇ ಇಟ್ಟು ಉಳಿದದ್ದನ್ನು ಜನರ ಕಣ್ಣಿಗೆ ಬಿಟ್ಟಿದ್ದರು.

ಹಾಗಾದರೆ ಶಾಲೆ? ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಹಾಡು, ಕಾರ್ಡು, ಆಟಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರಿನ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಆಮೇಲೆ ಎಲ್ಲ ಕಡೆ ಹರಡಿತು. ಮಂಗೇಶರಾಯರು ನೋಡಿದ್ದರೆ ಸಂತೋಷಪಡುತ್ತಿದ್ದರು. ಆದರೆ ಶಾಲೆಗೆ ಒಂದು ವಿಚಿತ್ರ ಶಕ್ತಿಯಿದೆ. ಯಾವ ಹಾಡನ್ನು ಕೊಟ್ಟರೂ ಅದನ್ನು ಪ್ರಶ್ನೋತ್ತರವಾಗಿ ಮಾರ್ಪಡಿಸಬಲ್ಲದು. ಮಂಗೇಶರಾಯರ ಹಾವನ್ನೂ ಅದು ಬಿಡಲಿಲ್ಲ. ಕವಿಯ ಪೂರ್ಣ ಹೆಸರು ಬರೆಯಿರಿ, ಬಿಟ್ಟ ಸ್ಥಳ ತುಂಬಿರಿ, ಪದ್ಯದ ಸಾರಾಂಶವನ್ನು ಐದು ವಾಕ್ಯಗಳಲ್ಲಿ ಬರೆಯಿರಿ. ಈ ಕೆಲಸ ಮಾಡಿದವರು ಬೇರೆ ಯಾರೋ ಅಲ್ಲ, ನನ್ನಂಥ ಮಾಸ್ತರರು.

ಅನೇಕ ವರ್ಷಗಳ ಹಿಂದಿನ ಮಾತು ಹೇಳುತ್ತೇನೆ. ಆ ಪದ್ಯದ ಮೇಲೆ ನಾನು ಒಂದು ಪ್ರಶ್ನೆ ಕೊಟ್ಟಿದ್ದೆ: ಮಗು ಕೊನೆಗೆ ಹಾವನ್ನು ಹೋಗು ಎನ್ನುವುದೇಕೆ? ವಿಷಕ್ಕೆ ಹೆದರಿ ಎಂಬುದು ನಾನು ಹಲಗೆಯ ಮೇಲೆ ಬರೆಸಿದ್ದ ಉತ್ತರ. ಮೂವತ್ತೆಂಟು ಮಕ್ಕಳು ಅದನ್ನೇ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ, ಹೊತ್ತು ಮುಳುಗಿತು, ಹಾವಿನ ಅವ್ವ ಬಿಲದಲ್ಲಿ ಹಾದಿ ಕಾಯುತ್ತಿರುತ್ತಾಳೆ, ಅದಕ್ಕೆ ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು ಸೊನ್ನೆ ಹಾಕಿದೆ. ಮರುದಿನ ಉತ್ತರ ಪತ್ರಿಕೆ ಹಂಚಿದಾಗ ಅವಳು ಏನೂ ಅನ್ನಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಹಲಗೆಯ ಮೇಲಿದ್ದದ್ದನ್ನೇ ಅಕ್ಷರ ತಪ್ಪದೆ ಬರೆದಳು. ಪೂರ್ತಿ ಅಂಕ ಕೊಟ್ಟೆ. ಅವಳ ಮನೆಯಲ್ಲಿ ಆಗ ಟಿ.ವಿ. ಇರಲಿಲ್ಲ, ಮೊಬೈಲ್ ಎಂಬ ವಸ್ತುವೇ ಊರಿಗೆ ಬಂದಿರಲಿಲ್ಲ.

ಆ ಮಗುವಿನ ಅವ್ವ ದಿನಗೂಲಿಗೆ ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದಳೆಂದು ನನಗೆ ಬಹಳ ತಡವಾಗಿ ಗೊತ್ತಾಯಿತು.

ಮಂಗೇಶರಾಯರು ಇಲಾಖೆಯಿಂದ ನಿವೃತ್ತರಾದ ಮೇಲೂ ಬರೆಯುವುದನ್ನು ಬಿಡಲಿಲ್ಲ. 1937ರ ಅಕ್ಟೋಬರ್ ತಿಂಗಳಲ್ಲಿ, ಹುಟ್ಟಿದ ಹೊಳೆಯ ದಂಡೆಯಿಂದ ಬಹುದೂರದ ಹೈದರಾಬಾದಿನಲ್ಲಿ ತೀರಿಕೊಂಡರು. ಆಗ ಅವರಿಗೆ 63 ವರ್ಷ. ಹಣ, ಅಧಿಕಾರ ಗಳಿಸಿದವರಲ್ಲ. ಇನ್‌ಸ್ಪೆಕ್ಟರಾಗಿ ಅವರು ಯಾವ ಶಾಲೆಗೆ ಯಾವ ವರದಿ ಬರೆದರೆಂಬುದು ಇಂದು ಯಾರಿಗೂ ಬೇಕಾಗಿಲ್ಲ. ಅವರು ಹಾಡಿದ್ದು ಮಾತ್ರ ಉಳಿದಿದೆ.

ಮತ್ತೆ ನವಿಲುತೀರ್ಥಕ್ಕೆ ಬರುತ್ತೇನೆ. ಬುತ್ತಿ ಮುಗಿದ ಮೇಲೆ ಮಕ್ಕಳನ್ನು ಗುಡ್ಡದ ನೆರಳಿಗೆ ಕೂರಿಸಿ, ನಮ್ಮ ಹಿರಿಯರಿಂದ ಕೇಳಿದ್ದ ಕಥೆ ಹೇಳಿದೆ. ಹೊಳೆ ಹರಿಯುತ್ತ ಬಂದು ಈ ಗುಡ್ಡಗಳ ಬುಡದಲ್ಲಿ ದಾರಿ ಕಾಣದೆ ನಿಂತಿತಂತೆ. ಆಗ ಗುಡ್ಡದ ನೆತ್ತಿಯಿಂದ ನವಿಲೊಂದು ಕೂಗಿತಂತೆ. ಕೂಗು ಕೇಳಿದ ಹೊಳೆ ತಿರುಗಿ ಗುಡ್ಡವನ್ನೇ ಸೀಳಿಕೊಂಡು ಹೊರಟಿತಂತೆ. ಕಥೆಯನ್ನು ಅಲ್ಲಿಗೇ ನಿಲ್ಲಿಸಿ, ನವಿಲು ಕೂಗಿದ್ದು ಯಾಕಿರಬಹುದು ಎಂದು ಕೇಳಿ, ನಾನು ಎದ್ದು ನೀರಿನ ಕಡೆ ನಡೆದೆ. ಮಾಸ್ತರ ಎದುರಿಗಿದ್ದರೆ ಮಕ್ಕಳು ಉತ್ತರವನ್ನು ಅವನ ಮುಖದಲ್ಲಿ ಹುಡುಕುತ್ತಾರೆ.

ಹಿಂತಿರುಗಿ ಬರುವಾಗ ಟೆಂಪೋದ ಹಿಂದಿನ ಸೀಟಿನಲ್ಲಿ ಜಗಳ ನಡೆದಿತ್ತು. ನವಿಲಿಗೆ ಬಾಯಾರಿತ್ತು, ಅದಕ್ಕೆ ಕೂಗಿತು ಎಂದು ಒಬ್ಬಳ ವಾದ. ಹಾಗಲ್ಲ, ಹೊಳೆ ಹೆದರಿ ಅಳುತ್ತಿತ್ತು, ನವಿಲು ಸಮಾಧಾನ ಮಾಡಿತು ಎಂದು ಇನ್ನೊಬ್ಬ. ಬೆಳಿಗ್ಗೆ ಕೈ ಕಟ್ಟಿ ಪಾಠ ಒಪ್ಪಿಸಿದ್ದ ಏಳನೆಯ ಇಯತ್ತೆಯ ಜಾಣ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತ ಸುಮ್ಮನಿದ್ದ. ಸವದತ್ತಿಯ ಕೋಟೆ ಕಾಣಿಸತೊಡಗಿದಾಗ ನನ್ನ ಕಡೆ ತಿರುಗಿ, ಆ ನವಿಲು ಈಗ ಅಣೆಕಟ್ಟು ಕಟ್ಟಿದ ಮೇಲೆ ಏನು ಮಾಡುತ್ತಿರಬಹುದು ಎಂದು ಮೆಲ್ಲಗೆ ಕೇಳಿದ. ನನಗೆ ಗೊತ್ತಿಲ್ಲಪ್ಪಾ, ನೀನೇ ಹೇಳು ಎಂದೆ. ಅವನು ಹೇಳತೊಡಗಿದ. ಊರು ಬಂದರೂ ಅವನ ಕಥೆ ಮುಗಿದಿರಲಿಲ್ಲ.